ಮಲಪ್ರಭೆಯ ಮೂಲದಲ್ಲಿ ಕನ್ನಡನಾಡು: ಬೆಳಗಾವಿ, ಖಾನಾಪುರ ಸೀಮೆಗಳ ಸಾಕ್ಷ್ಯ

ಒಂದು ನಾಡಿನ ಪರಿಚಯವನ್ನು ಮಾಡಿಕೊಡಲೆಂದು ಹೊರಡುವ ಗ್ರಂಥಗಳು ಸಾಮಾನ್ಯವಾಗಿ ರಾಜಧಾನಿಯಿಂದ ಆರಂಭಿಸಿ ಹೊರಮುಖವಾಗಿ ನಡೆಯುವುವು. ಗಡಿಯ ತಾಲ್ಲೂಕುಗಳ ಸರದಿ ಬರುವಷ್ಟರಲ್ಲಿ ಗ್ರಂಥಕರ್ತನ ಪುಟಗಳೂ ಓದುಗನ ತಾಳ್ಮೆಯೂ ತೀರಿರುತ್ತವೆ. ಉಳಿಯುವುದು ಒಂದೆರಡು ದೇವಾಲಯಗಳ ಹೆಸರು, ಒಂದು ಜಲಪಾತ, ಒಂದು ವಿವಾದ. ಬೆಳಗಾವಿ ನಗರಕ್ಕೂ ಅದರ ದಕ್ಷಿಣಕ್ಕಿರುವ ಖಾನಾಪುರ ತಾಲ್ಲೂಕಿಗೂ ಈ ಗತಿ ಬಹುಕಾಲದಿಂದ ಬಂದಿದೆ. ಆದರೆ ಕನ್ನಡನಾಡಿನ ನೆಲ, ಇತಿಹಾಸ, ಸಂಸ್ಕೃತಿಗಳು ಒಂದರೊಡನೊಂದು ಹೆಣೆದುಕೊಂಡ ಬಗೆಯನ್ನು ಕಾಣಬೇಕೆಂಬವರಿಗೆ ಈ ಸೀಮೆಯಷ್ಟು ಅನುಕೂಲವಾದ ಸ್ಥಳಗಳು ವಿರಳ. ಇಲ್ಲಿ ಗಡಿಯೆಂಬುದು ನಾಡಿನ ಕೊನೆಯಲ್ಲ. ಒಂದು ಅರ್ಥದಲ್ಲಿ ಅದರ ಮೊದಲು.

ಈ ಮಾತಿಗೆ ಮೊದಲನೆಯ ಆಧಾರ ಸಾಹಿತ್ಯದ್ದೇ ಆಗಿದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಕಾವೇರಿ ಗೋದಾವರಿಗಳ ನಡುವಣ ನಾಡನ್ನು ಕನ್ನಡವೆಂದು ಗುರುತಿಸಿ, ಅದರೊಳಗೂ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಸ್ಥಳಗಳ ನಡುವಣ ಭಾಗವನ್ನು ಕನ್ನಡದ ತಿರುಳೆಂದು ಹೇಳಿರುವುದು ಎಲ್ಲರಿಗೂ ತಿಳಿದ ವಿಷಯ. ಕಿಸುವೊಳಲು ಎಂದರೆ ಇಂದಿನ ಪಟ್ಟದಕಲ್ಲು. ಒಂಕುಂದವು ಬೆಳಗಾವಿ ಜಿಲ್ಲೆಯ ಬೈಲಹೊಂಗಲ ತಾಲ್ಲೂಕಿನ ವಕ್ಕುಂದವೆಂದು ವಿದ್ವಾಂಸರು ಗೊತ್ತುಮಾಡಿರುವರು. ನಾಲ್ಕರಲ್ಲಿ ಈ ಎರಡೂ ಮಲಪ್ರಭೆಯ ದಡದ ಊರುಗಳು. ಆ ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಪಶ್ಚಿಮದಂಚಿನ ಕಣಕುಂಬಿಯಲ್ಲಿ. ತಿರುಳಿಗೆ ನೀರುಣಿಸುವ ಹೊಳೆ ಗಡಿಯಲ್ಲಿ ಉದ್ಭವಿಸುವುದೆಂಬ ಈ ಸರಳವಾದ ಸಂಗತಿಯನ್ನು ಶಾಲೆಯ ಭೂಗೋಳ ಒಂದು ಪುಟದಲ್ಲಿಯೂ ಸಾಹಿತ್ಯಚರಿತ್ರೆ ಇನ್ನೊಂದು ಪುಟದಲ್ಲಿಯೂ ಹೇಳುವುದರಿಂದ, ಎರಡನ್ನೂ ಓದಿದ ವಿದ್ಯಾರ್ಥಿಗೂ ಅವುಗಳ ಸಂಬಂಧ ಹೊಳೆಯದೆ ಹೋಗುತ್ತದೆ.

ಕಣಕುಂಬಿ ಸಮುದ್ರಮಟ್ಟದಿಂದ ೭೯೨ ಮೀಟರುಗಳಷ್ಟು ಎತ್ತರದಲ್ಲಿದೆ. ಅಲ್ಲಿಂದ ಹೊರಟ ಮಲಪ್ರಭೆಯು ಖಾನಾಪುರ ಪಟ್ಟಣವನ್ನು ಮುಟ್ಟಿ, ಪೂರ್ವಾಭಿಮುಖವಾಗಿ ಸವದತ್ತಿಯ ಗುಡ್ಡಗಳನ್ನು ನವಿಲುತೀರ್ಥದಲ್ಲಿ ಸೀಳಿಕೊಂಡು, ಪಟ್ಟದಕಲ್ಲು ಐಹೊಳೆಗಳನ್ನು ಬಳಸಿ, ಸುಮಾರು ೩೦೪ ಕಿಲೋಮೀಟರುಗಳ ಪಯಣದ ತರುವಾಯ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವುದು. ಇದೇ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ, ದೇಗಾಂವದ ಬಳಿ, ಮಹದಾಯಿ ಹುಟ್ಟುತ್ತದೆ. ಅದು ಪಶ್ಚಿಮಕ್ಕೆ ತಿರುಗಿ ಗೋವೆಯಲ್ಲಿ ಮಾಂಡವಿಯೆಂಬ ಹೆಸರನ್ನು ಧರಿಸಿ, ಪಣಜಿಯ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಹೀಗೆ ಒಂದೇ ತಾಲ್ಲೂಕಿನ ಬೆಟ್ಟಗಳ ಮೇಲೆ ಬಿದ್ದ ಮಳೆಯ ಒಂದು ಪಾಲು ಬಂಗಾಳಕೊಲ್ಲಿಗೂ ಇನ್ನೊಂದು ಪಾಲು ಪಶ್ಚಿಮ ಸಮುದ್ರಕ್ಕೂ ಸಲ್ಲುವುದು. ಈ ಎರಡು ಜಲಾನಯನಗಳನ್ನು ಕಳಸಾ, ಬಂಡೂರಿ ಹಳ್ಳಗಳ ಮೂಲಕ ಜೋಡಿಸಬೇಕೆಂಬ ಯೋಜನೆ ಕರ್ನಾಟಕ ಗೋವೆಗಳ ನಡುವೆ ದೀರ್ಘವಾದ ವ್ಯಾಜ್ಯಕ್ಕೆ ಕಾರಣವಾಗಿ, ೨೦೧೮ರಲ್ಲಿ ನ್ಯಾಯಮಂಡಳಿಯು ಕರ್ನಾಟಕಕ್ಕೆ ಒಟ್ಟು ೧೩.೪೨ ಟಿ.ಎಂ.ಸಿ. ನೀರನ್ನು ಹಂಚಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಿಕೊಳ್ಳಲು ದೊರೆತದ್ದು ೩.೯ ಟಿ.ಎಂ.ಸಿ. ಮಾತ್ರ.

ನೆಲದ ಸ್ವಭಾವವೂ ನೀರಿನಂತೆಯೇ ಎರಡಾಗಿ ಒಡೆದಿದೆ. ಪಶ್ಚಿಮದಲ್ಲಿ ಜಂಬೋಟಿ, ಹೆಮ್ಮಡಗಾ ಕಡೆಯ ದಟ್ಟವಾದ ಕಾಡು, ಜಂಬಿಟ್ಟಿಗೆಯ ಕೆಂಪು ನೆಲ, ಬಿದಿರು, ಭತ್ತ. ಪೂರ್ವಕ್ಕೆ ಇಳಿದಂತೆಲ್ಲ ಮಳೆ ಕ್ಷೀಣಿಸಿ, ಎರೆಭೂಮಿ, ಜೋಳ, ಹತ್ತಿ. ಅರ್ಧದಿನದ ಪ್ರಯಾಣದೊಳಗೆ ಮಲೆನಾಡನ್ನೂ ಬಯಲುನಾಡನ್ನೂ ಕಾಣಿಸುವ ಈ ಸೀಮೆಯಲ್ಲಿ ಊಟ, ಮನೆಯ ಮಾಡು, ಹಬ್ಬದ ಕಾಲ ಎಲ್ಲವೂ ಬದಲಾಗುತ್ತ ಹೋಗುವುದನ್ನು ಅಧ್ಯಾಪಕನು ಶಿಷ್ಯರಿಗೆ ಬೆರಳಿಟ್ಟು ತೋರಿಸಬಹುದು. ಬೆಳಗಾವಿಯು ಈ ಎರಡರ ಸಂಧಿಯಲ್ಲಿ, ಸುಮಾರು ೨,೫೦೦ ಅಡಿಗಳ ಎತ್ತರದಲ್ಲಿ ನಿಂತಿದೆ. ಶಾಸನಗಳಲ್ಲಿ ಅದರ ಹೆಸರು ವೇಣುಗ್ರಾಮ, ವೇಳುಗ್ರಾಮ ಎಂದು ಬರುವುದು. ಬಿದಿರಿನ ಊರೆಂಬ ಅರ್ಥ ಖಾನಾಪುರದ ಕಾಡನ್ನು ಕಂಡವರಿಗೆ ಅಸಂಗತವೆನಿಸದು.

ಖಾನಾಪುರದ ಆಗ್ನೇಯಕ್ಕಿರುವ ಹಲಸಿ ಇಂದು ಸಣ್ಣ ಊರು. ಪ್ರಾಚೀನ ಕದಂಬರ ಕಾಲದಲ್ಲಿ ಇದು ಪಲಾಶಿಕಾ ಎಂಬ ಹೆಸರಿನಿಂದ ಬನವಾಸಿಗೆ ಎರಡನೆಯ ರಾಜಧಾನಿಯಾಗಿತ್ತು. ಊರ ಹೊರಗೆ ಚಕ್ರತೀರ್ಥವೆಂಬ ಬಾವಿಯ ಬಳಿಯ ಮಣ್ಣುದಿಬ್ಬದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ದೊರೆತ ತಾಮ್ರಪಟಗಳನ್ನು ಡಾ. ಫ್ಲೀಟರು ಪ್ರಕಟಿಸಿದ ಬಳಿಕ ಈ ವಿಷಯ ನಿಸ್ಸಂದೇಹವಾಯಿತು. ಕಾಕುಸ್ಥವರ್ಮನು ಯುವರಾಜನಾಗಿದ್ದಾಗ ತನ್ನನ್ನು ಕಾಪಾಡಿದ ಶ್ರುತಕೀರ್ತಿಯೆಂಬ ಸೇನಾಪತಿಗೆ ಹೊಲವನ್ನಿತ್ತುದು, ಮೃಗೇಶವರ್ಮನು ತಂದೆಯ ನೆನಪಿಗಾಗಿ ಪಲಾಶಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ ಯಾಪನೀಯ, ನಿರ್ಗ್ರಂಥ, ಕೂರ್ಚಕ ಸಂಘಗಳಿಗೆ ಭೂಮಿಯನ್ನು ಕೊಟ್ಟುದು, ರವಿವರ್ಮನು ಶತ್ರುಗಳನ್ನು ಗೆದ್ದು ಪಲಾಶಿಕೆಯಲ್ಲಿ ನೆಲೆಗೊಂಡುದು, ಇವೆಲ್ಲ ಆ ಪಟಗಳಿಂದ ತಿಳಿದುಬರುತ್ತವೆ.

ಈ ಪಟಗಳಲ್ಲಿ ರಾಜವಂಶಾವಳಿಗಿಂತ ಹೆಚ್ಚು ಬೆಲೆಯುಳ್ಳ ಒಂದು ಕಟ್ಟಳೆ ರವಿವರ್ಮನ ಕಾಲದ್ದು. ಕಾರ್ತಿಕದ ಹುಣ್ಣಿಮೆಯಲ್ಲಿ ವರ್ಷಂಪ್ರತಿ ಎಂಟು ದಿನಗಳ ಜಿನೇಂದ್ರಮಹಿಮೆ ನಡೆಯಬೇಕೆಂದೂ, ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಆಹಾರ ಸಲ್ಲಬೇಕೆಂದೂ ಅದು ವಿಧಿಸುತ್ತದೆ. ಮಳೆಗಾಲದಲ್ಲಿ ಯತಿಗಳು ಸಂಚರಿಸದೆ ಒಂದೆಡೆ ನಿಲ್ಲಬೇಕೆಂಬುದು ಎಲ್ಲ ಕಡೆಗೂ ಸಲ್ಲುವ ನಿಯಮವೇ ಸರಿ. ಆದರೆ ಜೂನಿನಿಂದ ನಾಲ್ಕು ತಿಂಗಳು ಹಳ್ಳಕೊಳ್ಳಗಳು ತುಂಬಿ ದಾರಿಗಳು ಮುಚ್ಚಿಹೋಗುವ ಈ ಕಾಡಿನಂಚಿನಲ್ಲಿ ಆ ನಿಯಮವನ್ನು ಓದಿದವನಿಗೆ, ಅರಸನ ದಾನದ ಹಿಂದೆ ನೆಲದ ಒತ್ತಾಯವೂ ಇದ್ದಿತೆಂಬುದು ಮನಗಾಣುವುದು. ಶಾಸನವನ್ನು ಅದು ಸಿಕ್ಕ ಊರಿನಲ್ಲಿ ಓದಬೇಕೆನ್ನುವುದು ಈ ಕಾರಣಕ್ಕಾಗಿ.

ಇಲ್ಲಿ ಒಂದು ಎಚ್ಚರ ಅಗತ್ಯ. ಹಲಸಿಯ ಪಟಗಳ ಭಾಷೆ ಸಂಸ್ಕೃತ. ಇವುಗಳನ್ನು ಮುಂದೊಡ್ಡಿ ಐದನೆಯ ಶತಮಾನದ ಪಲಾಶಿಕೆಯಲ್ಲಿ ಕನ್ನಡವು ರಾಜಭಾಷೆಯಾಗಿದ್ದಿತೆಂದು ಸಾಧಿಸಹೊರಡುವುದು ಅಭಿಮಾನದ ಕೆಲಸವೇ ಹೊರತು ಸಂಶೋಧನೆಯದಲ್ಲ. ಕದಂಬರ ಕಾಲದ ಕನ್ನಡಕ್ಕೆ ಹಲ್ಮಿಡಿಯ ಶಾಸನ ಸಾಕ್ಷಿಯಾಗಿದೆ. ಹಲಸಿಯ ಪಟಗಳಿಂದ ಅದನ್ನು ಹಿಂಡಿ ತೆಗೆಯಬೇಕಾಗಿಲ್ಲ.

ಮುಂದಿನ ಶತಮಾನಗಳಲ್ಲಿ ಪಲಾಶಿಕೆಯು ಪಲಸಿಗೆ ಪನ್ನಿರ್ಛಾಸಿರವೆಂಬ ಪ್ರಾಂತಕ್ಕೆ ಹೆಸರನ್ನಿತ್ತಿತು. ಹನ್ನೆರಡು ಸಾವಿರವೆಂಬ ಸಂಖ್ಯೆ ಊರುಗಳದೋ ಹುಟ್ಟುವಳಿಯದೋ ಎಂಬಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಗೋವೆಯ ಕದಂಬರು ಈ ಪ್ರಾಂತವನ್ನೂ ಕೊಂಕಣ ಒಂಬೈನೂರನ್ನೂ ಒಟ್ಟಿಗೆ ಆಳಿದರು. ಎಂದರೆ ಘಟ್ಟದ ಮೇಲಣ ಹಲಸಿಯೂ ಕೆಳಗಣ ಬಂದರೂ ಒಂದೇ ಸಿಂಹಾಸನಕ್ಕೆ ಸೇರಿದ್ದವು. ಘಟ್ಟವು ಇಂದು ರಾಜ್ಯಗಳನ್ನು ಬೇರ್ಪಡಿಸಿದಂತೆ ಅಂದು ಬೇರ್ಪಡಿಸಿರಲಿಲ್ಲ. ಹಲಸಿಯ ಭೂವರಾಹ ನರಸಿಂಹ ದೇವಾಲಯ ಇವರ ಕಾಲದ್ದು. ಎರಡು ಗರ್ಭಗೃಹಗಳು ಎದುರುಬದುರಾಗಿ ನಿಂತಿರುವುದು ಅದರ ವಿಶೇಷ. ಅಲ್ಲಿಯ ಶಾಸನದಲ್ಲಿ ಶಿವಚಿತ್ತ ಪೆರ್ಮಾಡಿಯ ಕಾಲವನ್ನು ಶಕವರ್ಷದಿಂದಲ್ಲದೆ ಕಲಿವರ್ಷದಿಂದ, ೪೨೭೦ ಎಂದು ಎಣಿಸಿದೆ. ಅದು ಕ್ರಿ.ಶ. ೧೧೬೯ಕ್ಕೆ ಸರಿಯಾಗುವುದು.

ಈ ಪೆರ್ಮಾಡಿಯ ರಾಣಿ ಕಮಲಾದೇವಿ ಕಟ್ಟಿಸಿದ ಕಮಲನಾರಾಯಣ ದೇವಾಲಯ ಕಿತ್ತೂರಿನ ಬಳಿಯ ದೇಗಾಂವ ಅಥವಾ ದೇಗಾವೆಯಲ್ಲಿದೆ. ಮಹದಾಯಿ ಹುಟ್ಟುವ ದೇಗಾಂವ ಬೇರೆ, ಇದು ಬೇರೆ. ಹೆಸರಿನ ಸಾಮ್ಯದಿಂದ ಯಾತ್ರಿಕರು ಮೋಸಹೋಗುವುದುಂಟು. ಇಲ್ಲಿಯ ೧೧೭೪ರ ಶಾಸನವು ಒಂದೇ ವಿಷಯವನ್ನು ಎರಡು ಲಿಪಿಗಳಲ್ಲಿ ಕೆತ್ತಿಸಿಕೊಂಡಿದೆ: ಒಂದು ಕನ್ನಡ ಲಿಪಿ, ಮತ್ತೊಂದು ನಾಗರಿ. ಭಾಷೆ ಎರಡರಲ್ಲಿಯೂ ಸಂಸ್ಕೃತ. ಓದುವವರು ಎರಡು ಬಗೆಯವರಿದ್ದರೆಂದೂ, ಇಬ್ಬರಿಗೂ ತನ್ನ ದಾನ ತಿಳಿಯಬೇಕೆಂದು ರಾಣಿ ಬಯಸಿದಳೆಂದೂ ಊಹಿಸಿದರೆ ತಪ್ಪಾಗಲಾರದು.

ಲಿಪಿಯ ಈ ಪ್ರಶ್ನೆ ಬೆಳಗಾವಿಯ ಕೋಟೆಯಲ್ಲಿ ಇನ್ನೂ ತೀಕ್ಷ್ಣವಾಗಿ ಎದುರಾಗುವುದು. ವೇಳುಗ್ರಾಮ ಎಪ್ಪತ್ತು ಮೊದಲು ಗೋವೆಯ ಕದಂಬರದಾಗಿದ್ದು, ಹನ್ನೆರಡನೆಯ ಶತಮಾನದ ಕೊನೆಯ ಹೊತ್ತಿಗೆ ಕೂಂಡಿ ಮೂರುಸಾವಿರದ ರಟ್ಟರ ಕೈಸೇರಿತು. ಸುಗಂಧವರ್ತಿ, ಎಂದರೆ ಸವದತ್ತಿಯಿಂದ ಆಳುತ್ತಿದ್ದ ರಟ್ಟರು ವೇಣುಗ್ರಾಮವನ್ನು ತಮ್ಮ ರಾಜಧಾನಿಯಾಗಿ ಮಾಡಿಕೊಂಡರು. ನಾಲ್ವಡಿ ಕಾರ್ತವೀರ್ಯನ ಮಂತ್ರಿ ಬೀಚಿರಾಜನು ೧೨೦೪ರಲ್ಲಿ ಕಟ್ಟಿಸಿದ ರಟ್ಟಜಿನಾಲಯವೇ ಇಂದಿನ ಕಮಲಬಸದಿ. ದೇಗಾವೆಯಲ್ಲಿ ಕಮಲವೆಂಬುದು ರಾಣಿಯ ಹೆಸರಾದರೆ ಇಲ್ಲಿ ಅದು ಮಂಟಪದ ಭುವನೇಶ್ವರಿಯಲ್ಲಿ ಇಳಿಬಿದ್ದ ಕಲ್ಲಿನ ತಾವರೆಯಿಂದ ಬಂದುದು. ಬಸದಿಗೆ ಬಿಟ್ಟ ದಾನಗಳ ಶಾಸನದಲ್ಲಿ ಊರ ವರ್ತಕರೊಡನೆ ಲಾಳದೇಶದ, ಎಂದರೆ ಗುಜರಾತಿನ ವ್ಯಾಪಾರಿಗಳೂ ಮಲೆಯಾಳದ ವ್ಯಾಪಾರಿಗಳೂ ಸುಂಕದ ಪಾಲನ್ನು ಒಪ್ಪಿಸಿದರೆಂದು ಹೇಳಿದೆ. ಘಟ್ಟದ ದಾರಿಗಳು ಕೂಡುವೆಡೆಯಲ್ಲಿ ನಿಂತ ಈ ಪಟ್ಟಣವು ಎಂಟುನೂರು ವರ್ಷಗಳ ಹಿಂದೆಯೇ ಹಲವು ನುಡಿಗಳ ಸಂತೆಯಾಗಿತ್ತು. ಶಾಸನದ ಕಲ್ಲು ಮಾತ್ರ ಸ್ವಸ್ಥಾನದಲ್ಲಿ ಉಳಿಯಲಿಲ್ಲ; ಅದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮನ್ನು ಸೇರಿತು, ಅಲ್ಲಿಯ ವಿದ್ವಾಂಸರಾದ ಬಾರ್ನೆಟ್ಟರು ಅದನ್ನು ಸಂಪಾದಿಸಿ ಪ್ರಕಟಿಸಿದರು. ಬಸದಿಯನ್ನು ನೋಡಬರುವ ಕನ್ನಡಿಗನು ಅದರ ಜನ್ಮಪತ್ರಿಕೆಯನ್ನು ಅಚ್ಚಿನಲ್ಲಿಯೇ ಓದಿ ತೃಪ್ತನಾಗಬೇಕಾಗಿದೆ.

ಅದೇ ಕೋಟೆಯೊಳಗಿನ ಸಫಾ ಮಸೀದಿಯು ಬಿಜಾಪುರದ ಸರದಾರ ಅಸದಖಾನ ಲಾರಿ ಕಟ್ಟಿಸಿದ್ದು. ಬಾಗಿಲಲ್ಲಿ ಅದರ ಪಾರಸೀ ಶಾಸನವಿದೆ. ಒಳಗಿನ ಎರಡು ಕಂಬಗಳು ಇನ್ನೂ ಹಳೆಯವು. ಒಂದರ ಮೇಲೆ ರಟ್ಟ ಕಾರ್ತವೀರ್ಯನ ೧೧೯೯ರ ಶಾಸನ, ಇನ್ನೊಂದರ ಮೇಲೆ ಸೇವುಣ ಕೃಷ್ಣನ ಕಾಲದ ೧೨೬೧ರ ಶಾಸನ. ಎರಡರ ಲಿಪಿಯೂ ನಾಗರಿ, ಎರಡರ ಭಾಷೆಯೂ ಕನ್ನಡ. ದೇವಗಿರಿಯ ಅರಸನ ಕಾಲದ ಕಲ್ಲು ಕನ್ನಡ ನುಡಿಯುವುದು, ಕನ್ನಡದ ರಟ್ಟರ ಕಲ್ಲು ನಾಗರಿಯನ್ನು ಉಡುವುದು, ಎರಡೂ ಮಸೀದಿಯ ಮಾಡನ್ನು ಹೊತ್ತು ನಿಲ್ಲುವುದು: ಈ ಸೀಮೆಯ ಇತಿಹಾಸಕ್ಕೆ ಇದಕ್ಕಿಂತ ಅಡಕವಾದ ಪ್ರತಿಮೆ ದೊರೆಯದು. ನಾಗರಿಯನ್ನು ಕಂಡೊಡನೆ ಮರಾಠಿಯೆಂದು ಬರೆದುಕೊಳ್ಳುವವರೂ, ಕನ್ನಡ ಲಿಪಿಯನ್ನು ಕಂಡೊಡನೆ ಕನ್ನಡ ಭಾಷೆಯೆಂದು ಬರೆದುಕೊಳ್ಳುವವರೂ ಒಂದೇ ತಪ್ಪನ್ನು ಮಾಡುತ್ತಾರೆ. ದೇಗಾವೆಯ ಕಲ್ಲು ಎರಡನೆಯವರಿಗೆ, ಮಸೀದಿಯ ಕಂಬಗಳು ಮೊದಲನೆಯವರಿಗೆ ಉತ್ತರ ಕೊಡುತ್ತವೆ. ಗಡಿಯ ವಾದದಲ್ಲಿ ಶಾಸನಗಳನ್ನು ತಲೆಯೆಣಿಕೆಯಂತೆ ಎಣಿಸುವ ಪದ್ಧತಿ ಎರಡೂ ಪಕ್ಷಗಳಲ್ಲಿ ಬೆಳೆದಿರುವುದರಿಂದ ಈ ವಿವೇಚನೆ ಅತ್ಯವಶ್ಯವಾಗಿದೆ.

ರಟ್ಟರ ತರುವಾಯ ಸೇವುಣರು, ವಿಜಯನಗರದವರು, ೧೪೭೨ರಲ್ಲಿ ಮಹಮೂದ ಗವಾನನ ಮೂಲಕ ಬಹಮನಿಗಳು, ಆದಿಲಶಾಹಿಗಳು, ಮೊಗಲರು, ಪೇಶವೆಗಳು, ೧೮೧೮ರಲ್ಲಿ ಕೋಟೆಯನ್ನು ಮುತ್ತಿದ ಇಂಗ್ಲಿಷರು, ಹೀಗೆ ಒಡೆಯರು ಬದಲಾದರು. ಖಾನಾಪುರದ ಕಾಡು ಮಾತ್ರ ಸುಲಭವಾಗಿ ಯಾರಿಗೂ ವಶವಾಗಲಿಲ್ಲ. ಕಿತ್ತೂರು ಬಿದ್ದ ಬಳಿಕ ಸಂಗೊಳ್ಳಿ ರಾಯಣ್ಣನು ಇಂಗ್ಲಿಷರೊಡನೆ ಹೋರಾಡಿದ್ದು ಈ ಕಾಡುಗಳನ್ನು ನೆಚ್ಚಿಕೊಂಡೇ. ೧೮೩೧ರ ಜನವರಿ ೨೬ರಂದು ಅವನನ್ನು ಗಲ್ಲಿಗೇರಿಸಿದ ನಂದಗಡವು ಹಲಸಿಯ ನೆರೆಯ ಊರು.

ಕನ್ನಡನಾಡು ಒಂದಾಗಬೇಕೆಂಬ ಕೂಗಿಗೂ ಬೆಳಗಾವಿಯೇ ವೇದಿಕೆಯಾಯಿತು. ೧೯೨೪ರ ಡಿಸೆಂಬರಿನಲ್ಲಿ ಮಹಾತ್ಮ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಒಂದೇ ಕಾಂಗ್ರೆಸ್ ಅಧಿವೇಶನ ಇಲ್ಲಿ ನೆರೆಯಿತು. ನೆಲೆಗೆ ವಿಜಯನಗರವೆಂದೂ ನೀರಿಗಾಗಿ ತೋಡಿದ ಬಾವಿಗೆ ಪಂಪಾಸರೋವರವೆಂದೂ ಹೆಸರಿಟ್ಟರು; ಹುಯಿಲಗೋಳ ನಾರಾಯಣರಾಯರ ನಾಡಗೀತೆ ಅಲ್ಲಿ ಮೊಳಗಿತು; ಸಿದ್ದಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಮೊದಲನೆಯ ಕರ್ನಾಟಕ ಏಕೀಕರಣ ಪರಿಷತ್ತು ಸೇರಿತು. ಅಧಿವೇಶನವನ್ನು ಬೆಳಗಾವಿಗೆ ತಂದವರಲ್ಲಿ ಪ್ರಮುಖರು ಹುದಲಿಯ ಗಂಗಾಧರರಾವ್ ದೇಶಪಾಂಡೆಯವರು. ಕರ್ನಾಟಕದ ಸಿಂಹವೆಂದು ಜನ ಕರೆದ ಇವರು ತಮ್ಮ ಆತ್ಮಕಥೆಯನ್ನು ಬರೆದುದು ಮರಾಠಿಯಲ್ಲಿ. ೧೯೫೬ರ ರಾಜ್ಯಪುನರ್ವಿಂಗಡಣೆಯಲ್ಲಿ ಬೆಳಗಾವಿ ಜಿಲ್ಲೆಯು ಚಂದಗಡ ತಾಲ್ಲೂಕನ್ನು ಮುಂಬಯಿ ರಾಜ್ಯಕ್ಕೆ ಬಿಟ್ಟು ಮೈಸೂರು ರಾಜ್ಯವನ್ನು ಸೇರಿತು. ಖಾನಾಪುರವೂ, ಅದರೊಡನೆ ಕಣಕುಂಬಿ, ಹಲಸಿ, ನಂದಗಡಗಳೂ ಹೀಗೆ ಈ ಕಡೆ ಉಳಿದವು. ಬೆಳಗಾವಿಯ ಕೋಟೆಯಲ್ಲಿ ಬಸದಿಯೂ ಮಸೀದಿಯೂ ಇಂದಿಗೂ ಒಂದೇ ಗೋಡೆಯೊಳಗೆ ಇವೆ. ಮೊದಲನೆಯದನ್ನು ನೋಡಿ ಹಿಂದಿರುಗುವ ವಿದ್ಯಾರ್ಥಿಗಳನ್ನು ಅಧ್ಯಾಪಕರು ಎರಡನೆಯದರ ಆ ಎರಡು ಕಂಬಗಳ ಮುಂದೆಯೂ ತುಸು ಹೊತ್ತು ನಿಲ್ಲಿಸತಕ್ಕದ್ದು.