ಬಾಟಲಿ ಮೇಲಿನ '20 ವರ್ಷ' ಯಾರ ವಯಸ್ಸು? ಶೆಟ್ಟಿಹಳ್ಳಿಯಲ್ಲಿ ಟಾನಿ ಪೋರ್ಟ್ ರುಚಿ ನೋಡಿದ ಸಂಜೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಮೊದಲೇ ಹೇಳಿಬಿಡ್ತೀನಿ, ಇವತ್ತಿನ ಸಂಚಿಕೆ ಕುಡಿಯೋ ವಯಸ್ಸಾದವರಿಗೆ ಮಾತ್ರ. ಕುಡಿಯದೇ ಇರೋರೂ ಕೇಳಬಹುದು, ಯಾಕಂದ್ರೆ ಈ ಕತೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ರುಚಿ ಗುರುತಿಸಿದವರು ಒಂದು ಹನಿಯನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ನಮ್ಮ ಕಡೆ 'ಪೋರ್ಟ್ ವೈನ್' ಅಂದ್ರೆ ಏನು ನೆನಪಾಗುತ್ತೆ? ಕಡುಕೆಂಪು ಬಣ್ಣ, ಪಾನಕದಷ್ಟು ಸಿಹಿ, ಜೇಬಿಗೆ ಭಾರ ಆಗದ ಬೆಲೆ. ಅದೇ ಹೆಸರಿನ ಮೂಲ ಹುಡುಕಿಕೊಂಡು ಹೋದ್ರೆ ಪೋರ್ಚುಗಲ್‌ನ ದೌರೋ ನದಿಯ ಕಣಿವೆಗೆ ತಲುಪ್ತೀವಿ. ಅಲ್ಲಿ 'ಟಾನಿ' ಅನ್ನೋ ಒಂದು ಬಗೆ ಇದೆ. ಕೆಂಪು ವೈನನ್ನ ವರ್ಷಗಟ್ಟಲೆ ಮರದ ಪೀಪಾಯಿಯಲ್ಲಿಟ್ಟು, ಕೆಂಪೆಲ್ಲ ಇಳಿದು ಕಂದು ಹೊನ್ನಿನ ಬಣ್ಣಕ್ಕೆ ಬಂದ ಮೇಲೆ ಬಾಟಲಿಗೆ ತುಂಬ್ತಾರೆ. ಮೇಲೆ 10, 20, 30, 40 ಅಂತ ವರ್ಷ ಬರೆದಿರುತ್ತೆ. ಅಂಕಿ ಏರಿದ ಹಾಗೆ ಬೆಲೆಯೂ ಏರುತ್ತೆ. 40 ವರ್ಷದ್ದು 10 ವರ್ಷದ್ದರ ಐದಾರು ಪಟ್ಟು ಆಗೋದು ಮಾಮೂಲು. ಆ ಅಂಕಿಗೆ ಅಷ್ಟು ದುಡ್ಡು ಕೊಡೋದರಲ್ಲಿ ಅರ್ಥ ಇದೆಯಾ? ನಮ್ಮ ವಾದ ಶುರುವಾಗಿದ್ದೇ ಇಲ್ಲಿಂದ.

ಒಟ್ಟು ಆರು ಜನ. ಜಾಗ ತುಮಕೂರಿನ ಶೆಟ್ಟಿಹಳ್ಳಿಯಲ್ಲಿ ಅಣ್ಣನ ಮನೆ ಮಹಡಿ. ಲಿಸ್ಬನ್‌ನಲ್ಲಿ ಕೆಲಸ ಮಾಡೋ ಗೆಳತಿ, ಅವಳ ಗಂಡ ರಜೆಗೆ ಬಂದಿದ್ದರು. ಒಬ್ಬ ಪ್ರಯಾಣಿಕರು ಸುಂಕವಿಲ್ಲದೆ 2 ಲೀಟರ್ ತರಬಹುದು, ಹಾಗಾಗಿ ಇಬ್ಬರ ಲೆಕ್ಕದಲ್ಲಿ ಒಂದೇ ಕಂಪನಿಯ 10, 20, 40 ವರ್ಷದ ಮೂರು ಬಾಟಲಿ ಬಂತು. ದುಡ್ಡು ಎಲ್ಲರೂ ಹಾಕಿದ್ವಿ. ಇಲ್ಲೇ ಕೊಳ್ಳೋಣ ಅಂದ್ರೆ, ಆಮದು ವೈನ್ ಮೇಲೆ ಕಸ್ಟಮ್ಸ್ ಸುಂಕವೇ ಬಹುಕಾಲ ಶೇ. 150 ಇತ್ತು, ಅದರ ಮೇಲೆ ರಾಜ್ಯದ್ದು ಬೇರೆ. ನಾಲ್ಕನೇ ಬಾಟಲಿ ನಮ್ಮದೇ ಕರ್ನಾಟಕದ ಸಿಹಿ ಪೋರ್ಟ್. ಅದನ್ನ ತಂದವನು ದೇವನಹಳ್ಳಿ ಕಡೆ ದ್ರಾಕ್ಷಿ ಬೆಳೆಯೋ ಗೆಳೆಯ. ಅವನಿಗೆ ಈ ಸಂಜೆ ಬರೀ ಶೋಕಿ ಅಲ್ಲ. ತೋಟದಲ್ಲಿರೋದು ಬೆಂಗಳೂರು ಬ್ಲೂ. ಕಿತ್ತು ಹಾಕಿ ಬೇರೆ ಏನಾದ್ರೂ ಇಡೋದಾ, ಇಲ್ಲಾ ಅದರಿಂದಲೇ ಬೆಲೆ ಬರೋ ವೈನ್ ಆಗುತ್ತಾ ಅನ್ನೋ ಯೋಚನೆಯಲ್ಲಿದ್ದ.

ಸರಿ, ಟಾನಿ ಹೇಗಾಗುತ್ತೆ ಅಂತ ಸ್ವಲ್ಪ ನೋಡೋಣ. ದ್ರಾಕ್ಷಿ ಹಿಂಡಿ ಹುಳಿಯೋಕೆ ಬಿಟ್ಟು ಎರಡು ಮೂರು ದಿನ ಆದಾಗ, ಸಕ್ಕರೆ ಸುಮಾರು ಅರ್ಧ ಉಳಿದಿರೋವಾಗಲೇ, ದ್ರಾಕ್ಷಿಯಿಂದಲೇ ಇಳಿಸಿದ ಶೇ. 77ರಷ್ಟು ಆಲ್ಕೋಹಾಲ್ ಇರೋ ಸ್ಪಿರಿಟ್ ಸುರಿಯುತ್ತಾರೆ. ನಾಲ್ಕು ಪಾಲು ರಸಕ್ಕೆ ಹೆಚ್ಚುಕಡಿಮೆ ಒಂದು ಪಾಲು. ಯೀಸ್ಟ್ ಸತ್ತುಹೋಗುತ್ತೆ, ಹುಳಿಯೋದು ನಿಲ್ಲುತ್ತೆ, ಸಿಹಿ ಉಳಿಯುತ್ತೆ. ಅಂದ್ರೆ ಆ ಸಿಹಿ ದ್ರಾಕ್ಷಿಯದ್ದೇ, ಆಮೇಲೆ ಸಕ್ಕರೆ ಹಾಕಿದ್ದಲ್ಲ. ಆಲ್ಕೋಹಾಲ್ ಶೇ. 20ರ ಆಸುಪಾಸು ನಿಲ್ಲುತ್ತೆ. ಸಾಮಾನ್ಯ ವೈನ್ 12, 13. ಆದ್ದರಿಂದ ನಾವು ಒಂದು ಗ್ಲಾಸಿಗೆ ಹಾಕಿದ್ದು 30 ಎಂಎಲ್. ಗಾಡಿ ಓಡಿಸೋರು ಯಾರೂ ಕುಡಿಯಂಗಿಲ್ಲ ಅನ್ನೋದು ಅತ್ತಿಗೆಯ ಕಾನೂನು.

ಆಮೇಲೆ ಪೀಪಾಯಿ. ಪೋರ್ಟೊ ನಗರದ ಎದುರು ದಂಡೆಯಲ್ಲಿ ವಿಲಾ ನೋವಾ ದೆ ಗಾಯಾ ಅಂತ ಊರು, ಸಮುದ್ರದ ತಂಪು ಗಾಳಿ ಬರೋ ಜಾಗ. ಅಲ್ಲಿನ ಗೋದಾಮುಗಳಲ್ಲಿ ಸುಮಾರು 550 ಲೀಟರ್ ಹಿಡಿಯೋ ಹಳೇ ಓಕ್ ಪೀಪಾಯಿಗಳು ಸಾಲಾಗಿ ಮಲಗಿರುತ್ತವೆ. 'ಹಳೇ' ಅನ್ನೋದನ್ನ ಗಮನಿಸಿ. ಹೊಸ ಮರದ ವಾಸನೆ ಅವರಿಗೆ ಬೇಡ. ಮರದ ಸಣ್ಣ ರಂಧ್ರಗಳಿಂದ ಒಳಗೆ ಹೋಗೋ ಗಾಳಿ ಮಾತ್ರ ಬೇಕು. ತಿಪಟೂರು ಕಡೆ ಅಟ್ಟದ ಮೇಲೆ ತೆಂಗಿನಕಾಯಿ ಹಾಕಿ, ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟು ಉಂಡೆಕೊಬ್ಬರಿ ಮಾಡ್ತಾರಲ್ಲ, ಹಾಗೇ. ನೀರು ತಾನಾಗೇ ಹಿಂಗಬೇಕು, ಅವಸರ ಮಾಡಿದ್ರೆ ಕೆಟ್ಟಿತು. ಪೀಪಾಯಿಯಿಂದಲೂ ವರ್ಷ ವರ್ಷ ಸ್ವಲ್ಪ ಆವಿಯಾಗಿ ಹೋಗುತ್ತೆ. ಅದನ್ನ ದೇವತೆಗಳ ಪಾಲು ಅಂತ ಕರೀತಾರೆ. ವರ್ಷಕ್ಕೆ ಶೇ. 2 ಅಂತ ಇಟ್ಕೊಂಡು ಫೋನ್‌ನಲ್ಲಿ ಲೆಕ್ಕ ಹಾಕಿ ನೋಡಿ: 550 ಲೀಟರ್ 20 ವರ್ಷಕ್ಕೆ 367 ಆಗುತ್ತೆ, 40 ವರ್ಷಕ್ಕೆ 245. ಬೆಲೆಯ ಅರ್ಧ ಉತ್ತರ ಇಲ್ಲೇ ಸಿಕ್ತು. ಉಳಿದರ್ಧ, ಅಷ್ಟು ಕಾಲ ದುಡ್ಡು ಹಿಂತಿರುಗದೆ ಮಲಗಿರುತ್ತಲ್ಲ, ಅದರ ಬಡ್ಡಿ.

ಈಗ ಅಸಲಿ ಪ್ರಶ್ನೆ. '20 ವರ್ಷ' ಅಂದ್ರೆ ಒಳಗಿರೋ ವೈನ್‌ಗೆ ಸರಿಯಾಗಿ 20 ವರ್ಷ ಅಂತ ನಾನೂ ಅಂದುಕೊಂಡಿದ್ದೆ, ಬಹುತೇಕ ಎಲ್ಲರೂ ಹಾಗೇ ಅಂದುಕೊಳ್ಳೋದು. ಹಾಗಲ್ಲ. ಅದು ಬೇರೆ ಬೇರೆ ವರ್ಷದ ವೈನ್‌ಗಳ ಮಿಶ್ರಣ. ಎಂಟು ಹತ್ತು ವರ್ಷದ್ದೂ ಇರಬಹುದು, ಮೂವತ್ತು ದಾಟಿದ್ದೂ ಇರಬಹುದು. ಪೋರ್ಚುಗಲ್‌ನಲ್ಲಿ ದೌರೋ ಮತ್ತು ಪೋರ್ಟ್ ವೈನ್‌ಗಳ ಸರ್ಕಾರಿ ಸಂಸ್ಥೆ ಇದೆ. ಅಲ್ಲಿನ ಪರಿಣತರು ರುಚಿ ನೋಡಿ, 'ಹೌದು, 20 ವರ್ಷದ ಟಾನಿಯ ಲಕ್ಷಣ ಇದರಲ್ಲಿದೆ' ಅಂತ ಒಪ್ಪಿದ್ರೆ ಮಾತ್ರ ಆ ಅಂಕಿ ಹಾಕೋ ಹಾಗೆ. ಅಂದ್ರೆ ಅದು ಜನ್ಮದಿನಾಂಕ ಅಲ್ಲ, ದರ್ಜೆ. 2022ರಲ್ಲಿ ಇದಕ್ಕೆ 50 ವರ್ಷದ ದರ್ಜೆಯೂ ಸೇರಿತು. ನಿಮಗೆ ಒಂದೇ ಸುಗ್ಗಿಯ ವೈನ್ ಬೇಕಾದ್ರೆ 'ಕೊಲ್ಯೇಟಾ' ಅಂತ ಕೇಳಬೇಕು. ಅದರಲ್ಲಿ ಕೊಯ್ಲಿನ ಇಸವಿ ಇರುತ್ತೆ, ಕನಿಷ್ಠ 7 ವರ್ಷ ಪೀಪಾಯಿಯಲ್ಲಿ ಕಳೆದಿರಬೇಕು.

ಇದನ್ನ ಕೇಳಿ ಅಣ್ಣ, 'ಹಂಗಾದ್ರೆ ಇದು ಮೋಸ ಅಲ್ವೇನೋ?' ಅಂದ. ನನಗೆ ಹಾಗನ್ನಿಸಲ್ಲ. ಹಳೇ ಹುಣಸೆಹಣ್ಣಿಗೆ ಹೊಸದನ್ನ ಒಂದಿಷ್ಟು ಸೇರಿಸಿ ಗೊಜ್ಜು ಮಾಡೋರನ್ನ ನಾವು ಮೋಸಗಾರರು ಅಂತೀವಾ? ಹಳೇದು ಬಣ್ಣ, ಗಾಢತೆ ಕೊಡುತ್ತೆ. ಹೊಸದು ಹುಳಿಯ ಚುರುಕು ಕೊಡುತ್ತೆ. ಬರೀ ಹಳೇದಾದ್ರೆ ಜಡ್ಡಾಗುತ್ತೆ. ಮಿಶ್ರಣ ಮಾಡೋದೇ ಅಲ್ಲಿನ ಕಸುಬು. ಆದ್ರೆ ಗ್ರಾಹಕರಿಗೆ ಇದು ಗೊತ್ತಿರಬೇಕು ಅನ್ನೋದು ಬೇರೆ ಮಾತು.

ಅತ್ತಿಗೆ ಅಡುಗೆಮನೆಯಲ್ಲಿ ನಾಲ್ಕೂ ಬಾಟಲಿಯಿಂದ ಗ್ಲಾಸಿಗೆ ಹಾಕಿ, ತಳಕ್ಕೆ ಅ, ಆ, ಇ, ಈ ಅಂತ ಚೀಟಿ ಅಂಟಿಸಿ ತಂದರು. ಯಾವುದು ಯಾವುದು ಅಂತ ಗೊತ್ತಿದ್ದದ್ದು ಅವರೊಬ್ಬರಿಗೇ. ವೈನನ್ನ ಮೊದಲೇ ಅರ್ಧ ಗಂಟೆ ಫ್ರಿಜ್‌ನಲ್ಲಿ ಇಟ್ಟಿದ್ವಿ. ನಮ್ಮ ಬಿಸಿಲಿನ 'ರೂಂ ಟೆಂಪರೇಚರ್'ನಲ್ಲಿ ಟಾನಿ ಕುಡಿದ್ರೆ ಮೂಗಿಗೆ ಸ್ಪಿರಿಟ್ ಮಾತ್ರ ಹೊಡೆಯುತ್ತೆ. 12ರಿಂದ 14 ಡಿಗ್ರಿ ಚೆನ್ನ. ಗ್ಲಾಸನ್ನ ಬಿಳಿ ಹಾಳೆ ಮೇಲೆ ಓರೆ ಮಾಡಿ ಹಿಡಿದಾಗ ಬಣ್ಣಗಳೇ ಅರ್ಧ ಗುಟ್ಟು ಬಿಟ್ಟುಕೊಟ್ಟವು. ಒಂದು ಇಟ್ಟಿಗೆ ಕೆಂಪು, ಒಂದು ಜೇನಿನ ಬಣ್ಣ, ಒಂದು ಬೆಲ್ಲದ ಪಾಕ ಎಳೆ ಬರೋ ಹೊತ್ತಿನ ಕಂದು, ಅಂಚಿನಲ್ಲಿ ತುಸು ಹಸಿರು ಛಾಯೆ. ಇನ್ನೊಂದು ಕಡು ನೇರಳೆ. ಅದನ್ನ ಎಲ್ಲರೂ ಕಣ್ಣಲ್ಲೇ ಹಿಡಿದುಬಿಟ್ವಿ. ಹಾಗಾಗಿ ಎರಡನೇ ಸುತ್ತು ಕಣ್ಣು ಮುಚ್ಚಿಕೊಂಡು.

ಕಣ್ಣು ಮುಚ್ಚಿದ್ರೂ ನಮ್ಮೂರ ಪೋರ್ಟ್ ಸಿಕ್ಕಿಬಿತ್ತು. ಬೆಂಗಳೂರು ಬ್ಲೂ ಹಣ್ಣಿಗೆ ಒಂದು ವಾಸನೆ ಇದೆಯಲ್ಲ, ದ್ರಾಕ್ಷಿ ಪೆಪ್ಪರ್‌ಮಿಂಟಿನದ್ದು, ಅದು ಅಮೆರಿಕದ ಲ್ಯಾಬ್ರುಸ್ಕಾ ಜಾತಿಯಿಂದ ಬಂದ ಬಳುವಳಿ. ಬಿಸಾಕಬೇಕಾದ ವಾಸನೆ ಅಲ್ಲ. ಬೆಂಗಳೂರಿನ ಬಾಲ್ಯ ಇದ್ದವರಿಗೆ ಅದು ಬೇಸಿಗೆ ರಜೆ. ಆದ್ರೆ ಬಾಯಲ್ಲಿ ಸಿಹಿ ಒಂದೇ ಸಮ ನಿಂತು ಹೊರಟುಹೋಯ್ತು.

10 ವರ್ಷದ್ದರಲ್ಲಿ ಒಣದ್ರಾಕ್ಷಿ, ಅಂಜೂರ, ಇನ್ನೂ ಸ್ವಲ್ಪ ಹಣ್ಣಿನ ತಾಜಾತನ. 20ರಲ್ಲಿ ಹುರಿದ ಬಾದಾಮಿ, ಕಿತ್ತಳೆ ಸಿಪ್ಪೆ, ಜೇನು. ನುಂಗಿ ಒಂದು ನಿಮಿಷ ಆದ್ರೂ ಗಂಟಲಲ್ಲಿ ಏನೋ ಓಡಾಡ್ತಾ ಇರುತ್ತೆ. 40 ವರ್ಷದ್ದಕ್ಕೆ ಏನನ್ನಬೇಕು ಅಂತ ನಾವೆಲ್ಲ ತಡಕಾಡ್ತಾ ಇದ್ವಿ. ಗೆಳತಿ 'ಆಕ್ರೋಟ್' ಅಂದಳು, ನಾನು 'ಕ್ಯಾರಮೆಲ್' ಅಂದೆ. ಅತ್ತಿಗೆ ಗ್ಲಾಸ್ ತಗೊಂಡು ಬರೀ ಮೂಸಿ, 'ಮೆಂತ್ಯ ಕಣ್ರೋ, ಬಾಣಲೆಯಲ್ಲಿ ಹುರಿದ ಮೆಂತ್ಯ, ಮೇಲೆ ಬೆಲ್ಲದ ಪಾಕ' ಅಂದರು. ಎಲ್ಲರೂ ನಕ್ಕೆವು.

ನಗಬಾರದಿತ್ತು. ಮೆಂತ್ಯದ ಆ ವಾಸನೆಗೆ ಮುಖ್ಯ ಕಾರಣ ಸೋಟೊಲಾನ್ ಅನ್ನೋ ರಾಸಾಯನಿಕ. ಟಾನಿ ಪೋರ್ಟ್ ಪೀಪಾಯಿಯಲ್ಲಿ ಗಾಳಿ ಜೊತೆ ಹಳೆಯದಾಗ್ತಾ ಹೋದಂತೆ ಹೆಚ್ಚುತ್ತಾ ಹೋಗೋದೂ ಅದೇ ಸೋಟೊಲಾನ್. ಕಡಿಮೆ ಇದ್ದರೆ ಸುಟ್ಟ ಸಕ್ಕರೆಯ ಹಾಗೆ, ಜಾಸ್ತಿಯಾದ್ರೆ ಮೆಂತ್ಯ, ಸಾಂಬಾರ ಪುಡಿ. ಇಂಗ್ಲಿಷ್ ವೈನ್ ಪುಸ್ತಕಗಳ ಆಕ್ರೋಟ್, ಟಾಫಿ ಪಟ್ಟಿ ಬಾಯಿಪಾಠ ಮಾಡಿಕೊಂಡಿದ್ದ ನಮಗಿಂತ, ದಿನಾ ಒಗ್ಗರಣೆ ಹಾಕೋ ಮೂಗು ನೇರವಾಗಿ ಗುರಿ ಮುಟ್ಟಿತ್ತು. ರುಚಿ ನೋಡೋಕೆ ಕೂತಾಗ ನಿಮ್ಮ ಅಡುಗೆಮನೆಯ ಹೆಸರುಗಳನ್ನೇ ಬಳಸಿ ಅಂತ ಅದಕ್ಕೇ ಹೇಳೋದು.

ಚೀಟಿ ತೆಗೆದಾಗ: ಕುಡಿದ ಐವರಲ್ಲಿ ಮೂವರಿಗೆ 20 ಇಷ್ಟ, ಒಬ್ಬರಿಗೆ 40, ಅಣ್ಣನಿಗೆ 10. ನಾನು 20ರ ಪಕ್ಷ. 40 ಮೂಸುತ್ತಾ ಕೂರೋಕೆ ಅದ್ಭುತ. ಆದ್ರೆ ಎರಡನೇ ಗುಟುಕಿಗೆ ಗಾಢತೆ ನಾಲಿಗೆಯನ್ನ ಸುಸ್ತು ಮಾಡಿಬಿಡುತ್ತೆ. ಐದಾರು ಪಟ್ಟು ಬೆಲೆಗೆ ಐದಾರು ಪಟ್ಟು ಖುಷಿ ಸಿಗಲ್ಲ. ಮೊದಲ ಸಲ ಕೊಳ್ಳೋರು 10ರದ್ದನ್ನೂ 20ರದ್ದನ್ನೂ ಅರ್ಧ ಬಾಟಲಿಯಲ್ಲಿ ತಗೊಂಡು ಪಕ್ಕಪಕ್ಕ ಇಟ್ಟು ನೋಡಿ, ಸಾಕು.

ದ್ರಾಕ್ಷಿ ಬೆಳೆಯೋ ಗೆಳೆಯ ಇಷ್ಟು ಹೊತ್ತು ಸುಮ್ಮನೆ ಕೂತಿದ್ದ. 'ನಂದನ್ನೂ 20 ವರ್ಷ ಇಟ್ಟರೆ ಹಿಂಗಾಗುತ್ತಾ?' ಅಂತ ಕೇಳಿದ.

ನೇರ ಉತ್ತರ, ಆಗಲ್ಲ. ಒಂದು ಕಾರಣ ಹಣ್ಣು, ಇನ್ನೊಂದು ಬಿಸಿ. ಬಿಸಿಗೆ ನಮ್ಮಲ್ಲೇ ಪುರಾವೆ ಇದೆ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ 2004ರಲ್ಲಿ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನ ಗ್ಲಾಸ್ಗೋದಲ್ಲಿ ಬಿಡುಗಡೆ ಮಾಡಿತು. ಅವರ ಪೀಪಾಯಿಗಳಿಂದ ವರ್ಷಕ್ಕೆ ಶೇ. 10ಕ್ಕೂ ಹೆಚ್ಚು ಆವಿಯಾಗುತ್ತೆ. 8 ವರ್ಷ ಇಟ್ಟ ಒಂದು ವಿಸ್ಕಿಯಲ್ಲಿ ಮುಕ್ಕಾಲು ಪಾಲು ಹೋಗಿತ್ತು. ಅದಕ್ಕೆ ಅವರಿಟ್ಟ ಹೆಸರೇ 'ಗ್ರೀಡಿ ಏಂಜಲ್ಸ್', ದುರಾಸೆಯ ದೇವತೆಗಳು. (ಪೋರ್ಚುಗಲ್‌ನಿಂದ ಖಾಲಿ ಪೋರ್ಟ್ ಪೀಪಾಯಿ ತರಿಸಿ, ಅದರಲ್ಲಿ ವಿಸ್ಕಿ ಇಟ್ಟು 'ಪೋರ್ಟೊನೋವಾ' ಅಂತಲೂ ಮಾಡಿದ್ದಾರೆ.) ಅದೇ ಶೇ. 10ನ್ನ ನಮ್ಮ 550 ಲೀಟರ್ ಲೆಕ್ಕಕ್ಕೆ ಹಾಕಿ: 20 ವರ್ಷಕ್ಕೆ ಉಳಿಯೋದು 67 ಲೀಟರ್, 40 ವರ್ಷಕ್ಕೆ 8. ಒಂದು ಬಿಂದಿಗೆಯೂ ತುಂಬಲ್ಲ.

ಆದ್ರೆ ಅಲ್ಲಿಗೆ ಮಾತು ಮುಗಿಯಲ್ಲ. ಪೋರ್ಚುಗಲ್‌ನದ್ದೇ ಮಡೈರಾ ದ್ವೀಪದಲ್ಲಿ ವೈನನ್ನ ಬೇಕಂತಲೇ ಬಿಸಿಗೆ ಒಡ್ಡುತ್ತಾರೆ. ಅಗ್ಗದ ಬಗೆಯನ್ನ 45, 50 ಡಿಗ್ರಿಯಲ್ಲಿ ಕನಿಷ್ಠ ಮೂರು ತಿಂಗಳು ಕಾಯಿಸುತ್ತಾರೆ. ಉತ್ತಮ ಬಗೆಯ ಪೀಪಾಯಿಗಳನ್ನ ಬಿಸಿಲು ತಾಗೋ ಅಟ್ಟದಲ್ಲಿ ಇಡುತ್ತಾರೆ. ಹೌದು, ಅಟ್ಟ, ಕೊಬ್ಬರಿ ಥರವೇ. ನಮ್ಮ ಹವೆಗೆ ಮಾದರಿ ಹುಡುಕೋದಾದ್ರೆ ನಾನು ಗಾಯಾದ ತಂಪು ಗೋದಾಮನ್ನಲ್ಲ, ಮಡೈರಾದ ಅಟ್ಟವನ್ನ ನೋಡ್ತೀನಿ. ರೈತನೊಬ್ಬನಿಂದ ಆಗೋ ಕೆಲಸ ಅಲ್ಲ ಇದು. ವೈನರಿ ಬೇಕು, ಲೈಸೆನ್ಸ್ ಬೇಕು, ಕಾಯೋ ಬಂಡವಾಳ ಬೇಕು. 2007ರ ರಾಜ್ಯದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂದ ಮೇಲೆ ವೈನರಿಗಳೇನೋ ಬಂದವು, ಬೆಂಗಳೂರು ಬ್ಲೂನ ದಾರಿ ಮಾತ್ರ ಬಹುಪಾಲು ಸಿಹಿ ವೈನ್, ಜ್ಯೂಸ್, ಜಾಮ್ ಕಡೆಗೇ ಇದೆ.

ಹೆಸರಿನ ವಿಷಯವೂ ಬಂತು. 'ಪೋರ್ಟೊ' ಭಾರತದಲ್ಲೂ ನೋಂದಾಯಿತ ಭೌಗೋಳಿಕ ಗುರುತು. ಬೆಂಗಳೂರು ಬ್ಲೂ ದ್ರಾಕ್ಷಿಗೂ 2013ರಲ್ಲಿ ಅದೇ ಮಾನ್ಯತೆ ಸಿಕ್ಕಿದೆ, ಚೆನ್ನೈನ ಅದೇ ನೋಂದಣಿ ಕಚೇರಿಯಿಂದ. ಗೆಳೆಯನಿಗೆ ನಾನು ಹೇಳಿದ್ದು ಇಷ್ಟೇ: ನಿನ್ನ ಹಣ್ಣಿಗೇ ಹೆಸರಿರೋವಾಗ ಇನ್ನೊಂದು ಊರಿನ ಹೆಸರಲ್ಲಿ ಅಗ್ಗಕ್ಕೆ ಯಾಕೆ ಮಾರಬೇಕು? ಅವನು, 'ಹೆಸರು ನಂದಾದ್ರೂ ಕೆಜಿಗೆ ರೇಟ್ ಹಾಕೋನು ಬೇರೆ ಅಲ್ವಾ' ಅಂದ. ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಒಂದೆಕರೆ ಇರಲಿ, ಉಳಿದದ್ದನ್ನ ನೋಡೋಣ ಅಂತ ಹೊರಟ.

ಕೊನೆಗೆ, ಹಲವರು ಕೇಳೋ ಪ್ರಶ್ನೆ. 10 ವರ್ಷದ ಟಾನಿ ತಂದು ಮನೆಯಲ್ಲಿ ಹತ್ತು ವರ್ಷ ಇಟ್ಟರೆ 20 ಆಗುತ್ತಾ? ಆಗಲ್ಲ. ಗಾಜಿನೊಳಗೆ ಹೋದ ಮೇಲೆ ಗಾಳಿ ಇಲ್ಲ, ಅದರ ಬೆಳವಣಿಗೆ ಅಲ್ಲಿಗೆ ನಿಂತ ಹಾಗೇ. ಲೇಬಲ್ ಹಿಂದೆ ಬಾಟಲಿಗೆ ತುಂಬಿದ ಇಸವಿ ಇರುತ್ತೆ, ಅದು ಹತ್ತಿರದ್ದಾಗಿರಲಿ. ತೆರೆದ ಮೇಲೆ ಒಂದೇ ದಿನ ಮುಗಿಸೋ ಅವಸರವೂ ಬೇಡ. ವರ್ಷಗಟ್ಟಲೆ ಗಾಳಿ ಕಂಡ ವೈನ್ ಅದು, ಫ್ರಿಜ್‌ನಲ್ಲಿ ಕೆಲವು ವಾರ ಇರುತ್ತೆ. ನಮ್ಮ 40 ವರ್ಷದ ಬಾಟಲಿ ಅರ್ಧ ಉಳಿದಿದೆ, ಶೆಟ್ಟಿಹಳ್ಳಿಯ ಆ ಫ್ರಿಜ್‌ನಲ್ಲಿ ಮೊಸರಿನ ಪಾತ್ರೆ ಪಕ್ಕ ನಿಂತಿದೆ. ಅತ್ತಿಗೆ ಅದಕ್ಕೆ 'ಮೆಂತ್ಯ' ಅಂತ ಚೀಟಿ ಅಂಟಿಸಿದ್ದಾರೆ.