ಸ್ಪರ್ಧೆ ಮತ್ತು ಸಹಕಾರ

ಕಬಡ್ಡಿಯಾಗಲಿ, ಅಂತರ್ಜಾಲದಲ್ಲಿ ತಂಡ ಕಟ್ಟಿ ಆಡುವ ಆಟವಾಗಲಿ, ಎದುರಾಳಿಯನ್ನು ಸೋಲಿಸಲು ಜೊತೆಗಾರರ ಸಹಕಾರ ಬೇಕು. ಆದರೂ ಕೆಲವೊಮ್ಮೆ ಜೊತೆಗಾರನನ್ನು ಕೈಬಿಡುವುದೇ ಲಾಭಕರವೆಂದು ತೋರುತ್ತದೆ. ಒಬ್ಬನ ಲಾಭನಷ್ಟಗಳು ಇತರರ ನಡೆಯನ್ನೂ ಅವಲಂಬಿಸಿರುವ ಇಂತಹ ಸಂದರ್ಭಗಳನ್ನು ಗಣಿತದ ನೆರವಿನಿಂದ ವಿವೇಚಿಸುವ ಶಾಸ್ತ್ರವೇ ಆಟದ ಸಿದ್ಧಾಂತ. ಜಾನ್ ವಾನ್ ನಾಯ್ಮನ್ ಮತ್ತು ಆಸ್ಕರ್ ಮಾರ್ಗನ್‌ಸ್ಟರ್ನ್ ಎಂಬ ವಿದ್ವಾಂಸರು 1944ರಲ್ಲಿ ಪ್ರಕಟಿಸಿದ ಗ್ರಂಥವು ಇದಕ್ಕೆ ತಳಹದಿಯಾಯಿತು.

ಈ ಸಿದ್ಧಾಂತವು ಆಟದ ಅಂಗಳಕ್ಕೆ ಮಾತ್ರ ಸೀಮಿತವಲ್ಲ. ಮುಳಬಾಗಿಲು ತಾಲ್ಲೂಕಿನ ಬೈರಕೂರಿನ ಸೀಮೆಯನ್ನೇ ನೋಡಬಹುದು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಮಳೆ, ಕೆರೆ, ಅಂತರ್ಜಲಗಳೇ ಬೇಸಾಯಕ್ಕೆ ಆಧಾರ. ಇಲ್ಲಿ ಅಕ್ಕಪಕ್ಕದ ಹೊಲಗಳ ಇಬ್ಬರು ರೈತರು ಕೊಳವೆಬಾವಿ ಕೊರೆಸಿದ್ದಾರೆಂದು ಭಾವಿಸೋಣ. ಇಬ್ಬರೂ ಮಿತವಾಗಿ ನೀರೆತ್ತಿದರೆ ಎರಡು ಬಾವಿಗಳೂ ಬಾಳುತ್ತವೆ. ಆದರೆ, ತಾನು ಉಳಿಸಿದ ನೀರನ್ನು ನೆರೆಯವನು ಎತ್ತಿಕೊಂಡಾನೆಂಬ ಅಂಜಿಕೆ ಇಬ್ಬರಿಗೂ ಉಂಟು. ಆದುದರಿಂದ ಇಬ್ಬರೂ ಪೈಪೋಟಿಯಿಂದ ನೀರೆತ್ತುತ್ತಾರೆ. ಇನ್ನೂ ಆಳಕ್ಕೆ ಕೊರೆಸುತ್ತಾರೆ. ಕೊನೆಗೆ ಬಾವಿಗಳೆರಡೂ ಬತ್ತಿ ಸಾಲ ಮಾತ್ರ ಉಳಿಯುತ್ತದೆ. ಇವರಲ್ಲಿ ಯಾರೂ ದುಷ್ಟರಲ್ಲ, ದಡ್ಡರೂ ಅಲ್ಲ. ತನ್ನ ಮಟ್ಟಿಗೆ ಸರಿಯೆನಿಸಿದ ನಡೆಯೇ ಇಬ್ಬರನ್ನೂ ಕೆಡಿಸಿತು. ಈ ಬಗೆಯ ಇಕ್ಕಟ್ಟಿಗೆ 'ಕೈದಿಗಳ ಸಂದಿಗ್ಧ' ಎಂದು ಹೆಸರು.

ಇದರಿಂದ ಪಾರಾಗುವ ಬಗೆಯನ್ನು ಅರಿಯಲು ಅಮೆರಿಕದ ರಾಬರ್ಟ್ ಆಕ್ಸೆಲ್‌ರಾಡ್ ಗಣಕಯಂತ್ರದಲ್ಲಿ ಪಂದ್ಯಗಳನ್ನು ಏರ್ಪಡಿಸಿ, 1980ರಲ್ಲಿ ಅವುಗಳ ಫಲಿತಾಂಶವನ್ನು ಪ್ರಕಟಿಸಿದರು. ಅದೇ ಎದುರಾಳಿಗಳು ಮತ್ತೆ ಮತ್ತೆ ಸಂಧಿಸುವ ಆ ಪಂದ್ಯಗಳಲ್ಲಿ ಗೆದ್ದುದು ಅನಟೋಲ್ ರಾಪೊಪೋರ್ಟ್ ಕಳುಹಿಸಿದ ಸರಳ ಕ್ರಮ: ಮೊದಲು ಸಹಕರಿಸು, ಅನಂತರ ಎದುರಾಳಿಯು ಹಿಂದಿನ ಸಲ ನಡೆದಂತೆ ನಡೆ. ನಾಳೆಯೂ ಸಂಧಿಸಬೇಕಾದವರಿಗೆ ಸಹಕಾರವೇ ಲಾಭಕರವೆಂದು ಇದರಿಂದ ತಿಳಿದುಬಂದಿತು.

ಹಾಗಾದರೆ ದಿನವೂ ಸಂಧಿಸುವ ನೆರೆಹೊರೆಯ ರೈತರು ಸೋತುದೇಕೆ? ಇದಕ್ಕೆ ಉತ್ತರ ಹಿಂದಿನ ಕೆರೆಯ ವ್ಯವಸ್ಥೆಯಲ್ಲಿದೆ. ನೀರುಗಂಟಿಯು ತೂಬು ತೆರೆದು, ಸರದಿಯಂತೆ ಗದ್ದೆಗಳಿಗೆ ನೀರು ಹಾಯಿಸುತ್ತಿದ್ದನು. ಸುಗ್ಗಿಯಲ್ಲಿ ಅವನಿಗೆ ಧಾನ್ಯದ ಪಾಲು ಸಲ್ಲುತ್ತಿತ್ತು. ಕೆರೆಯ ನೀರು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಸರದಿ ಮುರಿದವನೂ ಕಾಣುತ್ತಿದ್ದನು. ನೆಲದಡಿಯ ನೀರಾದರೋ ಕಾಣದು. ಯಾರು ಎಷ್ಟು ಎತ್ತಿದರೆಂಬುದೂ ತಿಳಿಯದು. ಅಧಿಸೂಚಿತ ಪ್ರದೇಶಗಳಲ್ಲಿ ಹೊಸ ಕೊಳವೆಬಾವಿಗೆ ಅನುಮತಿ ಪಡೆಯಬೇಕೆಂದು 2011ರ ಕರ್ನಾಟಕ ಅಂತರ್ಜಲ ಕಾಯ್ದೆ ವಿಧಿಸಿತು. ಆದರೆ ಕಾಯ್ದೆಯೊಂದೇ ಸಾಲದು. ಅಂತರ್ಜಲದ ಮಟ್ಟವನ್ನು ಅಳೆದು, ಅದರ ಲೆಕ್ಕವನ್ನು ಊರಿನ ಮುಂದಿಟ್ಟು, ಅದಕ್ಕೆ ತಕ್ಕ ಬೆಳೆಯನ್ನು ಎಲ್ಲರೂ ಕೂಡಿ ನಿರ್ಧರಿಸಬೇಕು. ಆಗ ನೆಲದಡಿಯ ನೀರೂ ಕೆರೆಯ ನೀರಿನಂತೆ ಎಲ್ಲರ ಕಣ್ಣಿಗೆ ಕಾಣುವುದು. ನೆರೆಯವನನ್ನು ನಂಬುವ ಧೈರ್ಯವೂ ಬರುವುದು.