ತಲೆಯ ಎಲ್ಲ ತೇಪೆಯೂ ಬಾಲ್‌ಖೋರಾ ಅಲ್ಲ

ತಲೆಕೂದಲು ಅಲ್ಲಲ್ಲಿ ತೇಪೆತೇಪೆಯಾಗಿ ಉದುರಿದರೆ ಉರ್ದುವಿನಲ್ಲಿ ‘ಬಾಲ್‌ಖೋರಾ’ ಅಂತಾರೆ, ಕೂದಲು ತಿನ್ನೋದು ಅಂತ ಅರ್ಥ. ಕನ್ನಡದ ಮನೆಗಳಲ್ಲಿ ‘ಹುಳ ತಿಂದಿದೆ’ ಅನ್ನುತ್ತೇವೆ. ಬೀದರ್, ಕಲಬುರಗಿ ಕಡೆಯವರು ಬಂದು ನೆಲೆಸಿರುವ ನಮ್ಮ ಲಿಂಗಂಪಲ್ಲಿಯಲ್ಲಿ ಎರಡೂ ಮಾತು ಒಂದೇ ಓಣಿಯಲ್ಲಿ ಕೇಳಿಸುತ್ತವೆ. ಮದ್ದೂ ಒಂದೇ: ಈರುಳ್ಳಿ ರಸ ತಿಕ್ಕೋದು, ಕಾಯೋದು. ಬಹಳ ಸಲ ಕೂದಲು ವಾಪಸ್ ಬರುತ್ತದೆ, ಈರುಳ್ಳಿಗೆ ಹೆಸರೂ ಬರುತ್ತದೆ. ಬಾಲ್‌ಖೋರಾದಲ್ಲಿ ಕೂದಲಿನ ಬೇರು ಸಾಯುವುದಿಲ್ಲ, ಅದಕ್ಕೇ ಬಂದದ್ದು. ಆದರೆ ಕೆಲವು ತೇಪೆಗಳಲ್ಲಿ ಬೇರೇ ಸುಟ್ಟು ಹೋಗುತ್ತಿರುತ್ತದೆ. ಅಲ್ಲಿ ಕಾಯುತ್ತ ಕೂತರೆ ಕಳೆದುಕೊಂಡದ್ದು ಕಳೆದುಕೊಂಡ ಹಾಗೇ.

ನಮ್ಮ ಐದನೇ ತರಗತಿಯ ಒಬ್ಬ ಹುಡುಗ ಟೋಪಿ ತೆಗೆಯುತ್ತಲೇ ಇರಲಿಲ್ಲ. ಒಂದು ದಿನ ತೆಗೆಸಿ ನೋಡಿದೆ. ತಲೆಯ ಹಿಂಭಾಗದಲ್ಲಿ ಮೆತ್ತಗಿನ ಊತ, ಕೀವು, ಸುತ್ತ ಕೂದಲಿಲ್ಲ. ಹುಣ್ಣು ಅಂತ ಎಲ್ಲೋ ಒಂದು ಕಡೆ ಕೊಯ್ಸಿದ್ದರು, ಮುಲಾಮು ಹಚ್ಚಿಸಿದ್ದರು. ಒಂದೂವರೆ ತಿಂಗಳು ಹೀಗೇ ಹೋಗಿತ್ತು. ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ನಾಲ್ಕು ಕೂದಲು ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗೊತ್ತಾಯಿತು: ಅದು ಹುಳುಕಡ್ಡಿ, ಅಂದರೆ ಶಿಲೀಂಧ್ರ. ತಲೆಯ ಹುಳುಕಡ್ಡಿ ಹೀಗೆ ಊದಿಕೊಂಡರೆ ವೈದ್ಯರು ‘ಕೀರಿಯಾನ್’ ಅನ್ನುತ್ತಾರೆ. ಶಿಲೀಂಧ್ರ ಕೂದಲಿನ ಬುಡದೊಳಗೆ ಕೂತಿರುವುದರಿಂದ ಬರೀ ಮುಲಾಮು ಅಲ್ಲಿಗೆ ಮುಟ್ಟುವುದಿಲ್ಲ, ಗುಳಿಗೆ ನುಂಗಲೇಬೇಕು. 1958ರ ಹೊತ್ತಿಗೆ ಬಂದ ಗ್ರೈಸಿಯೊಫುಲ್ವಿನ್ ಇಂದಿಗೂ ಮಕ್ಕಳಿಗೆ ಕೊಡುವ ಔಷಧ. ಆರರಿಂದ ಎಂಟು ವಾರ ತೆಗೆದುಕೊಳ್ಳಬೇಕು, ಹಾಲು ಅಥವಾ ಜಿಡ್ಡಿನ ಊಟದ ಜೊತೆ ಕೊಟ್ಟರೆ ಚೆನ್ನಾಗಿ ಹಿಡಿಯುತ್ತದೆ. ಅದಕ್ಕೂ ಮುಂಚೆ ಮಕ್ಕಳ ತಲೆಗೆ ಎಕ್ಸ್‌ರೇ ಹಾಯಿಸಿ ಕೂದಲು ಉದುರಿಸುತ್ತಿದ್ದರು ಅಂದರೆ ನಂಬ್ತೀರಾ? ಬಾಚಣಿಗೆ, ಟೋಪಿ, ದಿಂಬಿನಿಂದ ಹರಡುವ ರೋಗ ಇದು. ಆ ಹುಡುಗನ ತಂಗಿಯ ತಲೆಯನ್ನೂ ನೋಡಿಸಿದೆವು.

ಅರಬಿ ಓದಿದವರಿಗೆ ಇಲ್ಲೊಂದು ಮಾತು. ಹಣೆಯ ಮೇಲಿನ ಕೂದಲು ವಯಸ್ಸಿಗೆ ಹೋದರೆ ‘ಅಸ್ಲಅ’, ರೋಗದಿಂದ ತಲೆ ಬೋಳಾದರೆ ‘ಅಕ್ರಅ’. ಬನೀ ಇಸ್ರಾಯೀಲರ ಮೂವರ ಹದೀಸಿನಲ್ಲಿ ಕುಷ್ಠರೋಗಿ ಮತ್ತು ಕುರುಡನ ಜೊತೆ ಬರುವವನು ಅಕ್ರಅ. ಜನ ಅವನನ್ನು ನೋಡಿ ಅಸಹ್ಯ ಪಡುತ್ತಿದ್ದರು. ಆ ಭಾಷೆ ಎರಡನ್ನೂ ಬೇರೆ ಮಾಡಿತ್ತು, ನಾವು ಎಲ್ಲಕ್ಕೂ ‘ಗಂಜಾ’ ಅಂದುಬಿಟ್ಟೆವು.

ಒಳಗೆ ಏನಾಗುತ್ತದೆ? ಪ್ರತಿ ಕೂದಲೂ ಚರ್ಮದೊಳಗಿನ ಒಂದು ಚೀಲದಿಂದ ಬೆಳೆಯುತ್ತದೆ. ಆ ಚೀಲದ ಮೇಲ್ಭಾಗದಲ್ಲಿ ಹೊಸ ಕೂದಲು ಹುಟ್ಟಿಸುವ ಕಾಂಡಕೋಶಗಳಿವೆ. ಬಾಲ್‌ಖೋರಾದಲ್ಲಿ ಉರಿಯೂತ ಕೆಳಗಿನ ಗಡ್ಡೆಯ ಸುತ್ತ ಇರುತ್ತದೆ, ಕಾಂಡಕೋಶ ಉಳಿಯುತ್ತದೆ. ಜೋಳ ಕೊಯ್ದ ಮೇಲೂ ಕೂಳೆ ಚಿಗುರುತ್ತದಲ್ಲ, ಹಾಗೆ. ಕಲೆಗಟ್ಟುವ ರೋಗಗಳಲ್ಲಿ ಕಾಂಡಕೋಶವೇ ಸಾಯುತ್ತದೆ, ಅಲ್ಲಿ ಗಾಯದ ಕಲೆಯ ನಾರು ತುಂಬಿಕೊಳ್ಳುತ್ತದೆ. ಅದು ಹೊಲಕ್ಕೆ ಸಿಮೆಂಟ್ ಹಾಕಿದ ಹಾಗೆ.

ಮೊಬೈಲ್ ಟಾರ್ಚ್ ಹಾಕಿ ನೋಡಿ. ತೇಪೆಯಲ್ಲಿ ಸಣ್ಣ ಸಣ್ಣ ರಂಧ್ರ ಕಾಣಿಸಿದರೆ ಆಸೆ ಇದೆ. ಚರ್ಮ ನುಣ್ಣಗೆ ಹೊಳೆಯುತ್ತ ರಂಧ್ರವೇ ಕಾಣದಿದ್ದರೆ, ಅಂಚಿನಲ್ಲಿ ಕೆಂಪು, ಹೊಟ್ಟು, ತುರಿಕೆ, ಉರಿ ಇದ್ದರೆ, ಈರುಳ್ಳಿ ಪಕ್ಕಕ್ಕಿಟ್ಟು ಹೊರಡಿ. ಮಧ್ಯವಯಸ್ಸಿನ ಹೆಂಗಸರಲ್ಲಿ ನೆತ್ತಿಯ ಹತ್ತಿರ ಹೀಗಾಗಿಸುವುದು ಹೆಚ್ಚಾಗಿ ಲೈಕನ್ ಪ್ಲೇನೊಪೈಲಾರಿಸ್. ನಡುವೆ ಬಿಳಿ, ಅಂಚು ಕಪ್ಪು ಇರುವ, ಬಿಸಿಲಿಗೆ ಹೆಚ್ಚಾಗುವ, ಕಿವಿಯ ಗುಂಡಿಯಲ್ಲೂ ಬರುವ ತೇಪೆ ಡಿಸ್ಕಾಯ್ಡ್ ಲೂಪಸ್ ಇರಬಹುದು. ಎರಡರಲ್ಲೂ ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲ ಬೇರಿನ ಮೇಲೆ ಬೀಳುತ್ತದೆ.

ನಮ್ಮ ಹೆಂಗಸರು ತಲೆ ತೋರಿಸಲು ಹಿಂಜರಿಯುತ್ತಾರೆ. ದುಪಟ್ಟಾದ ಕೆಳಗೆ ಇದೆ, ಯಾರು ನೋಡ್ತಾರೆ ಅಂತ ವರ್ಷ ಕಳೆಯುತ್ತದೆ. ನನ್ನ ಖಾಲಾ ಎರಡು ವರ್ಷ ಹೀಗೇ ಮಾಡಿದರು. ಲೇಡಿ ಡಾಕ್ಟರ್ ಬೇಕು ಅಂತ ಕೇಳಲು ನಾಚಿಕೆ ಯಾಕೆ, ಕೇಳಿ. ಇನ್ನೊಂದು: ಸ್ಕಾರ್ಫ್‌ನಿಂದ ಕೂದಲು ಹೋಗುತ್ತದೆ ಅನ್ನುವುದು ತಪ್ಪು. ಅದರ ಕೆಳಗೆ ದಿನವೂ ಎಳೆದು ಬಿಗಿದು ಕಟ್ಟುವ ಜಡೆ, ತುರುಬಿನಿಂದ ಹಣೆಯಂಚಿನ ಕೂದಲು ಹೋಗುತ್ತದೆ. ಬೇಗ ಸಡಿಲಿಸಿದರೆ ಬರುತ್ತದೆ, ವರ್ಷಗಟ್ಟಲೆ ಎಳೆದರೆ ಅದೂ ಕಾಯಂ ಆಗುತ್ತದೆ.

ಲಿಂಗಂಪಲ್ಲಿಯಿಂದ ಎಂಎಂಟಿಎಸ್ ರೈಲಿದೆ, ಉಸ್ಮಾನಿಯಾ ಮತ್ತು ಗಾಂಧಿ ಎರಡೂ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವಿದೆ. ಬಯಾಪ್ಸಿ ಅಂದರೆ ಹೆದರಬೇಡಿ. ಮರಗಟ್ಟಿಸಿ 4 ಮಿಲಿಮೀಟರ್ ಅಗಲದ ಚೂರು ತೆಗೆಯುತ್ತಾರೆ, ಒಂದೆರಡು ಹೊಲಿಗೆ, ಅಷ್ಟೇ. ನುಣುಪಾದ ನಡುಭಾಗದಿಂದ ತೆಗೆದರೆ ಬರೀ ಕಲೆ ಕಾಣುತ್ತದೆ, ಆದ್ದರಿಂದ ರೋಗ ಇನ್ನೂ ಉರಿಯುತ್ತಿರುವ, ಕೂದಲಿರುವ ಅಂಚಿನಿಂದ ತೆಗೆಯುತ್ತಾರೆ.

ಚಿಕಿತ್ಸೆ ಹೋದದ್ದನ್ನು ತರುವುದಿಲ್ಲ, ಇದ್ದದ್ದನ್ನು ಕಾಯುತ್ತದೆ. ಇದನ್ನು ಮೊದಲೇ ತಿಳಿದಿದ್ದರೆ ಮೂರು ತಿಂಗಳಿಗೆ ‘ಕೂದಲು ಬರಲಿಲ್ಲ’ ಅಂತ ಮದ್ದು ಬಿಡುವುದಿಲ್ಲ. ಸ್ಟೀರಾಯ್ಡ್ ಹಚ್ಚುವ ಮದ್ದು, ತೇಪೆಗೇ ಚುಚ್ಚುವ ಇಂಜೆಕ್ಷನ್, ಡಾಕ್ಸಿಸೈಕ್ಲಿನ್, ಮತ್ತೆ 2020ರ ಕೊರೊನಾ ಕಾಲದಲ್ಲಿ ಎಲ್ಲರ ಬಾಯಲ್ಲಿದ್ದ ಹೈಡ್ರಾಕ್ಸಿಕ್ಲೋರೊಕ್ವಿನ್. ಈ ಕೊನೆಯದನ್ನು ವರ್ಷಗಟ್ಟಲೆ ನುಂಗುವವರು ಕಣ್ಣಿನ ಪರೀಕ್ಷೆ ತಪ್ಪಿಸಬಾರದು.

ಗಚ್ಚಿಬೌಲಿ ದಾರಿಯುದ್ದಕ್ಕೂ ಕೂದಲು ಕಸಿಯ ಬೋರ್ಡುಗಳಿವೆ. ಸುಟ್ಟ ಗಾಯದ ಹಳೆಯ ಕಲೆಗೆ ಕಸಿ ಆಗಬಹುದು. ಆದರೆ ಲೈಕನ್, ಲೂಪಸ್‌ನಂಥ ರೋಗವಿದ್ದರೆ ಮದ್ದಿಲ್ಲದೆಯೇ ಒಂದೆರಡು ವರ್ಷ ತಣ್ಣಗಿರಬೇಕು. ಇಲ್ಲದಿದ್ದರೆ ನೆಟ್ಟ ಕೂದಲನ್ನೂ ಅದೇ ರೋಗ ತಿನ್ನುತ್ತದೆ, ಹಣವೂ ಹೋಗುತ್ತದೆ. ತಲೆ ಪರೀಕ್ಷಿಸದೆ ಪ್ಯಾಕೇಜ್ ದರ ಹೇಳುವವರ ಹತ್ತಿರ ನಾನಂತೂ ಕೂರುವುದಿಲ್ಲ.

ಆ ಹುಡುಗ ಈಗ ಆರನೇ ತರಗತಿ. ಹೆಚ್ಚಿನ ಜಾಗದಲ್ಲಿ ಕೂದಲು ಬಂದಿದೆ. ಕೊಯ್ದ ಜಾಗದಲ್ಲಿ ರೂಪಾಯಿಯಗಲ ಬರಲಿಲ್ಲ, ಬರುವುದೂ ಇಲ್ಲ ಅಂತ ಡಾಕ್ಟರ್ ಅವನಿಗೇ ಹೇಳಿದರು. ಸುತ್ತಲಿನ ಕೂದಲು ಸ್ವಲ್ಪ ಉದ್ದ ಬಿಡು ಅಂದರು. ಶಾಲೆಯಲ್ಲಿ ಕಟಿಂಗ್ ನಿಯಮದಿಂದ ಅವನಿಗೆ ವಿನಾಯಿತಿ ಕೊಡಿಸಿದ್ದೇನೆ.